ರಂಜಾನಿನ ಎರಡು ಗಂಟೆ

ದುಬೈಯ ನಮ್ಮ ಸೈಟ್ ಆಫೀಸಿನ ಪ್ಯಾಂಟ್ರಿಗೆ ಗಾಜಿನ ಬಾಗಿಲಿತ್ತು. ರಂಜಾನ್ ಶುರುವಾಗುವ ಹಿಂದಿನ ದಿನ ಆ ಗಾಜಿಗೆ ಹಳೆಯ ಡ್ರಾಯಿಂಗ್ ಶೀಟುಗಳನ್ನು ಅಂಟಿಸುತ್ತಿದ್ದರು. ಉಪವಾಸವಿಲ್ಲದ ನಾವು ನಾಲ್ಕೈದು ಮಂದಿ ಒಳಗೆ ಹೋಗಿ, ನಿಂತುಕೊಂಡೇ ಚಾ ಕುಡಿದು ಬರುತ್ತಿದ್ದೆವು. 2015ರ ಜೂನ್ ಕೊನೆಯ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ನನ್ನ ಪಕ್ಕದ ಮೇಜಿನ ಎಂಜಿನಿಯರ್, ನಮ್ಮ ಊರ ಕಡೆಯವರೇ, ಪೇಪರ್ ಕಪ್ ಕೈಯಲ್ಲಿ ಹಿಡಿದು, “ಇದು ಜೈಲೇ ಮಾರಾಯ್ರೆ. ಒಂದು ಲೋಟ ಚಾ ಕುಡಿಲಿಕ್ಕೂ ಕಳ್ಳರ ಹಾಗೆ ಅಡಗಿ ನಿಲ್ಲಬೇಕು” ಅಂದರು. ನಾನು ಹೌದೆಂದು ತಲೆಯಾಡಿಸಿದೆ.

ಕಪ್ ಬಿಸಾಡಲು ತಿರುಗಿದಾಗ ಚಾ ಮಾಡಿಕೊಟ್ಟವನ ಮುಖ ಕಂಡಿತು. ಸಿಲ್ಹೆಟ್ ಕಡೆಯ ಹುಡುಗ. ನಸುಕಿನ ಮೂರೂವರೆಗೆ ಸಹ್ರಿಯ ಅನ್ನ ತಿಂದವನು, ಸಂಜೆ ಏಳು ಹತ್ತರವರೆಗೆ ಒಂದು ಹನಿ ನೀರು ಮುಟ್ಟುವಂತಿರಲಿಲ್ಲ. ತುಟಿ ಒಣಗಿ ಬಿಳಿ ಪದರು ಎದ್ದಿತ್ತು. ಅವನೇ ನಮಗಾಗಿ ಹಾಲು ಕಾಯಿಸಿದ್ದ, ಏಲಕ್ಕಿ ಜಜ್ಜಿ ಹಾಕಿದ್ದ. ಬೇರೆ ದಿನಗಳಲ್ಲಿ ಒಂದು ಚಮಚ ಕುಡಿದು ನೋಡಿ ಕೊಡುವವನು ಈಗ ನೋಡುವಂತಿಲ್ಲ. ಅದಕ್ಕೇ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ: “ಸಾಬ್, ಚೀನಿ ಠೀಕ್ ಹೈ?”

ಅಂದಿನಿಂದ ನಮ್ಮವರ ರಂಜಾನ್ ದೂರು ನನ್ನ ಕಿವಿಗೆ ಸುಳ್ಳಾಗಿ ಕೇಳುತ್ತಿದೆ. ಗಲ್ಫಿನ ಕನ್ನಡಿಗರ ಕೂಟಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ರಜೆಗೆ ಊರಿಗೆ ಬಂದವರು ಜಗಲಿಯಲ್ಲಿ ಕುಳಿತು ಹೇಳುವ ಕಥೆಗಳಲ್ಲಿ ರಂಜಾನ್ ಎಂದರೆ ಪರದೇಶಿಗಳಾದ ನಮಗೆ ಶಿಕ್ಷೆಯ ತಿಂಗಳು. ಹೊರಗೆ ನೀರು ಕುಡಿಯುವಂತಿಲ್ಲ, ಹೋಟೆಲು ತೆರೆದಿಲ್ಲ, ಆಫೀಸಿನಲ್ಲಿ ಕೆಲಸ ಸಾಗುವುದಿಲ್ಲ, ಅವರ ಧರ್ಮಕ್ಕೆ ನಾವು ಹಸಿದಿರಬೇಕು. ಸಾಧ್ಯವಾದವರು ವಾರ್ಷಿಕ ರಜೆಯನ್ನೇ ಆ ತಿಂಗಳಿಗೆ ಹಾಕಿಕೊಂಡು ವಿಮಾನ ಹತ್ತುತ್ತಾರೆ. ಎಷ್ಟು ವರ್ಷ ಹೇಳಿದರೂ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನು ಪ್ರಶ್ನಿಸುತ್ತೇನೆ. ಏಸಿ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತು ದುಡಿಯುವ ನಮ್ಮಂಥವರಿಗೆ ಇದು ವರ್ಷದಲ್ಲೇ ಹಗುರವಾದ ತಿಂಗಳು. ಭಾರ ಇರುವುದು ಬೇರೆಯವರ ತಲೆಯ ಮೇಲೆ. ನಮ್ಮ ಚಾದ ದೂರನ್ನು ನಾವು ಇಷ್ಟು ಗಟ್ಟಿಯಾಗಿ ಹೇಳುತ್ತ ಬಂದಿದ್ದರಿಂದಲೇ ಅವರ ದೂರು ಯಾರ ಕಿವಿಗೂ ಬಿದ್ದಿಲ್ಲ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಅದನ್ನೇ ಮುಂದೆ ಮಾಡುತ್ತಾರೆ. ಯುಎಇಯ 1987ರ ದಂಡಸಂಹಿತೆ ರಂಜಾನಿನ ಹಗಲಲ್ಲಿ ಸಾರ್ವಜನಿಕವಾಗಿ ತಿಂದವರಿಗೆ ಒಂದು ತಿಂಗಳವರೆಗೆ ಸೆರೆ ಅಥವಾ 2,000 ದಿರ್ಹಮ್‌ವರೆಗೆ ದಂಡ ಎಂದಿತ್ತು. ಕುವೈತಿನಲ್ಲಿ ಇಂಥದ್ದೇ ಕಾನೂನು 1968ರಲ್ಲಿ ಬಂತು: 100 ದಿನಾರ್‌ವರೆಗೆ ದಂಡ, ಒಂದು ತಿಂಗಳವರೆಗೆ ಜೈಲು. 2014ರಲ್ಲಿ ಸೌದಿಯ ಗೃಹ ಸಚಿವಾಲಯ, ಹೊರಗೆ ತಿಂದು ಕುಡಿದು ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಗಡೀಪಾರೂ ಆಗಬಹುದು ಎಂದು ಅಲ್ಲಿನ ಮುಸ್ಲಿಮೇತರರಿಗೆ ಎಚ್ಚರಿಕೆ ಕೊಟ್ಟಿತು. ಇವನ್ನು ನಾನು ಸಮರ್ಥಿಸುವುದಿಲ್ಲ. ನೀರು ಕುಡಿದವನನ್ನು ಠಾಣೆಗೆ ಒಯ್ಯುವುದು ತಪ್ಪು, ಅದು ಯಾವ ದೇಶವಾದರೂ ತಪ್ಪು. ರೋಗಿಗಳಿಗೆ, ಪ್ರಯಾಣದಲ್ಲಿರುವವರಿಗೆ ಕುರಾನೇ ವಿನಾಯಿತಿ ಕೊಟ್ಟಿರುವಾಗ, ವ್ರತವನ್ನೇ ಹಿಡಿಯದವನ ಬಾಯಿಗೆ ಪೊಲೀಸರು ಕಾವಲು ನಿಲ್ಲುವುದರಿಂದ ಯಾರ ವ್ರತವೂ ಗಟ್ಟಿಯಾಗುವುದಿಲ್ಲ. ಉಪವಾಸ ಹಿಡಿಯುವ ನನ್ನ ಗೆಳೆಯರಲ್ಲಿ ಈ ಮಾತನ್ನು ನನಗಿಂತ ಖಡಕ್ಕಾಗಿ ಹೇಳುವವರಿದ್ದಾರೆ.

ಆದರೆ ನಮ್ಮ ಬದುಕು ನಡೆದದ್ದು ಕಾನೂನಿನ ಹೊತ್ತಗೆಯಲ್ಲಲ್ಲ, ಬರ್ ದುಬೈ, ಕರಾಮ, ಶಾರ್ಜಾದ ಬೀದಿಗಳಲ್ಲಿ. ಅಲ್ಲಿ ನಮ್ಮ ಉಡುಪಿ ಹೋಟೆಲುಗಳು ಹಗಲು ಪಾರ್ಸೆಲ್ ಕೊಡುತ್ತಿದ್ದವು. ಮಾಲ್‌ಗಳಲ್ಲಿ ಪರದೆ ಇಳಿಬಿಟ್ಟ ಹಿಂದೆ ಊಟ ಸಿಗುತ್ತಿತ್ತು. ಸೂಪರ್ ಮಾರ್ಕೆಟ್ಟುಗಳು ಎಂದಿನಂತೆ ತೆರೆದಿದ್ದವು. ಮನೆಯೊಳಗೆ ಏನು ಬೇಯಿಸುತ್ತೀರಿ, ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ಯಾರೂ ಕೇಳುತ್ತಿರಲಿಲ್ಲ. 2021ರಲ್ಲಿ ದುಬೈ ಆಡಳಿತ ಆ ಪರದೆಯನ್ನೂ ತೆಗೆಸಿತು. ಹೋಟೆಲುಗಳು ರಂಜಾನಿನ ಹಗಲಲ್ಲಿ ಪರದೆ ಕಟ್ಟಬೇಕಾಗಿಲ್ಲ ಎಂಬ ಸುತ್ತೋಲೆ ಆ ವರ್ಷ ಬಂತು. ಹೀಗಿದ್ದೂ ಕಥೆ ಬದಲಾಗಲಿಲ್ಲ. ಪರದೆ ಹೋಗಿ ಇಷ್ಟು ವರ್ಷಗಳಾದ ಮೇಲೂ ಊರಿನ ಜಗಲಿಯಲ್ಲಿ ‘ಅಲ್ಲಿ ನೀರು ಕುಡಿದರೆ ಜೈಲು’ ಎಂದೇ ಹೇಳುತ್ತಾರೆ.

ಹೇಳಿದರೆ ಹೇಳಲಿ, ಜಂಬದ ಮಾತು ಎಂದು ಬಿಟ್ಟುಬಿಡಬಹುದಿತ್ತು. ಬಿಡಲಾಗದ ಕಾರಣ ಹೇಳುತ್ತೇನೆ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಬಿಡಲಿಲ್ಲ. ಎಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿ ಅದು. ನನ್ನ ಹೆಂಡತಿಯ ತವರು ಅದೇ ಕಡೆಯದು. ಅವರ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ವರ್ಷಾನುಗಟ್ಟಲೆ ಅದೇ ಜಾತ್ರೆಯಲ್ಲಿ ಬಳೆ, ಆಟಿಕೆ, ಕಬ್ಬಿನ ಹಾಲು ಮಾರಿದವರನ್ನು ಈಗ ಹೊರಗಿಡುವುದು ಸರಿಯೇ ಎಂದು ನಾನು ಒಂದು ಸಾಲು ಬರೆದೆ. ಹೆಂಡತಿಯ ಅಣ್ಣ ಉತ್ತರಿಸಿದರು: “ಭಾವ, ನೀವಿರುವ ಊರಿನಲ್ಲಿ ರಂಜಾನಿಗೆ ನೀರು ಕುಡಿದರೆ ಒಳಗೆ ಹಾಕುತ್ತಾರಂತಲ್ಲ. ಅಲ್ಲಿ ಸುಮ್ಮನಿರುವವರು ಇಲ್ಲಿಗೆ ಯಾಕೆ ಬುದ್ಧಿ ಹೇಳುತ್ತೀರಿ?” ಅದಕ್ಕೆ ಏಳೆಂಟು ಮಂದಿ ಹೌದು ಹೌದು ಎಂದರು. ಅವರಲ್ಲಿ ಇಬ್ಬರು ದುಬೈಯಲ್ಲೇ ಇರುವವರು. ಅದಾಗಿ ವಾರ ಕಳೆದು, ಏಪ್ರಿಲ್ 2ರಂದು, ಪರದೆಯಿಲ್ಲದ ಎರಡನೆಯ ರಂಜಾನ್ ದುಬೈಯಲ್ಲಿ ಶುರುವಾಯಿತು. ಆ ಇಬ್ಬರೂ ಆಫೀಸಿನ ಕೆಳಗಿನ ಹೋಟೆಲಿನಲ್ಲಿ ಬಾಗಿಲ ಪಕ್ಕದ ಮೇಜಿಗೆ ಕುಳಿತು ಮಧ್ಯಾಹ್ನದ ಊಟ ಮಾಡಿದವರೇ. ಗುಂಪಿನಲ್ಲಿ ಆ ಮಾತು ಹೇಳಲು ಅವರಿಗೆ ನಾಲಿಗೆ ಬರಲಿಲ್ಲ.

ಹೀಗೆ ನಮ್ಮ ಚಾದ ದೂರು ಸಮುದ್ರ ದಾಟಿ ಊರು ಮುಟ್ಟಿ, ಜಾತ್ರೆಯಲ್ಲಿ ಬಳೆ ಮಾರುವವನ ಹೊಟ್ಟೆಯ ಮೇಲೆ ಹೊಡೆಯುವ ಕಲ್ಲಾಗಿದೆ. ಅಲ್ಲಿನ ದೊರೆಗಳು ಏನು ಮಾಡುತ್ತಾರೋ ಅದಕ್ಕೆ ಕಾಪುವಿನ ಬ್ಯಾರಿ ಯಾಕೆ ಲೆಕ್ಕ ಒಪ್ಪಿಸಬೇಕು? ಗಲ್ಫಿನ ಕಾನೂನು ಬರೆಯುವಾಗ ಅವನನ್ನು ಯಾರಾದರೂ ಕೇಳಿದ್ದರೇ? ನಾವು ಗಲ್ಫಿನಲ್ಲಿರುವವರು ಒಂದು ತಿಂಗಳ ಸಣ್ಣ ಮುಜುಗರವನ್ನು ಹಿಂಸೆಯೆಂದು ಹಿಗ್ಗಿಸಿ ಹೇಳಿದಾಗ, ಊರಿನಲ್ಲಿ ಅದಕ್ಕೆ ಬೆಲೆ ತೆರುವವರು ಬೇರೆ ಯಾರೋ ಆಗಿರುತ್ತಾರೆ. ಇದು ತಿಳಿದ ಮೇಲೂ ಆ ಕಥೆಯನ್ನು ಹೇಳುತ್ತ ಹೋಗುವುದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

‘ನಮ್ಮ ಹಬ್ಬಕ್ಕೆ ಯಾರಾದರೂ ಹೀಗೆ ತಗ್ಗಿ ನಡೆಯುತ್ತಾರಾ?’ ಎಂಬುದು ಮುಂದಿನ ಪ್ರಶ್ನೆ. ನಡೆಯುತ್ತಾರೆ. ರಾಮನವಮಿ, ಮಹಾವೀರ ಜಯಂತಿ, ಗಣೇಶ ಚತುರ್ಥಿ, ಕೃಷ್ಣಜನ್ಮಾಷ್ಟಮಿಗಳಂದು ಬೆಂಗಳೂರಿನಲ್ಲಿ ಪಾಲಿಕೆಯ ಆದೇಶದಂತೆ ಪ್ರಾಣಿವಧೆ, ಮಾಂಸ ಮಾರಾಟ ನಿಲ್ಲುತ್ತವೆ. ಕುರಿ ಕಡಿಯುವವನ ಆ ದಿನದ ಸಂಪಾದನೆ ಹೋಗುತ್ತದೆ. ಅವನು ಬಾಗಿಲು ಹಾಕಿ ಕೂರುತ್ತಾನೆ. ಒಂದು ದಿನಕ್ಕೂ ಮೂವತ್ತು ದಿನಕ್ಕೂ ವ್ಯತ್ಯಾಸವಿಲ್ಲವೇ ಎನ್ನಬಹುದು. ಇದೆ, ಒಪ್ಪುತ್ತೇನೆ. ಆದರೆ ಅವನು ಕಳೆದುಕೊಳ್ಳುವುದು ದುಡಿಮೆಯನ್ನು. ಎದುರಿಗೆ ಕುಡಿಯುವ ಚಾವನ್ನು ಒಳಗೆ ಹೋಗಿ ಕುಡಿಯುವುದರಿಂದ ನಾನು ಏನನ್ನೂ ಕಳೆದುಕೊಂಡಿಲ್ಲ. ಇನ್ನು ಅಯ್ಯಪ್ಪನ ಮಾಲೆ ಹಾಕಿದ ಮನೆಯನ್ನೇ ನೋಡಿ. ಮಂಡಲ ವ್ರತವೆಂದರೆ 41 ದಿನ. ಒಬ್ಬ ಮಾಲೆ ಹಾಕಿದರೆ ಇಡೀ ಮನೆಯ ಒಲೆಯಲ್ಲಿ ಮೀನು ಬೇಯುವುದಿಲ್ಲ. ಅದೇ ಕೋಣೆಯಲ್ಲಿ ಬಾಡಿಗೆಗಿರುವ ಗೆಳೆಯರು ಸಿಗರೇಟು ಹಚ್ಚಲು ಹೊರಗೆ ಹೋಗುತ್ತಾರೆ. ಯಾರೂ ಅದನ್ನು ಜೈಲೆನ್ನುವುದಿಲ್ಲ. ವ್ರತ ಹಿಡಿದವನ ಮುಂದೆ ಹೇಗಿರಬೇಕೆಂದು ನಮ್ಮ ಅಜ್ಜಿಯರು ನಮಗೆ ಕಲಿಸಿದ್ದಾರೆ. ಏಕಾದಶಿಯಂದು ಒಣ ಉಪವಾಸ ಕೂತ ನನ್ನ ಅಜ್ಜಿಯ ಮುಂದೆ ನಾವು ಮಕ್ಕಳು ತಟ್ಟೆ ಹಿಡಿದು ಕೂತರೆ ಅಮ್ಮ ತಟ್ಟೆ ಸಮೇತ ಹಿತ್ತಿಲಿಗೆ ಕಳಿಸುತ್ತಿದ್ದಳು. ಸಿಲ್ಹೆಟ್‌ನ ಹುಡುಗನ ಮುಂದೆ ಆ ಪಾಠ ಯಾಕೆ ಮರೆತುಹೋಗಬೇಕು?

ನಾನು ಗಲ್ಫನ್ನು ಸ್ವರ್ಗವೆನ್ನುತ್ತಿಲ್ಲ. ಹದಿನೈದು ವರ್ಷ ದುಡಿದರೂ ನಾನು ಅಲ್ಲಿ ವೀಸಾದ ಮೇಲಿರುವ ಮನುಷ್ಯ. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಕಾರ್ಮಿಕ ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ. ದೂರುವುದಕ್ಕೆ ಬೇಕಾದಷ್ಟಿದೆ. ಇಷ್ಟೆಲ್ಲ ಇದ್ದೂ ನಾವು ಆರಿಸಿಕೊಂಡ ದೂರು ಚಾದ ಕಪ್ಪಿನದು ಎಂಬುದೇ ನನ್ನ ಸಿಟ್ಟು.

‘ಒಂದು ತಿಂಗಳು ಕೆಲಸವೇ ನಡೆಯುವುದಿಲ್ಲ’ ಎಂಬ ಮಾತಿಗೆ ಬರುತ್ತೇನೆ. ಸರ್ಕಾರಿ ಕೌಂಟರುಗಳು ಬೇಗ ಮುಚ್ಚುತ್ತವೆ, ಸಹಿ ಬೇಕಾದ ಕಾಗದ ನಾಲ್ಕು ದಿನ ತಡವಾಗುತ್ತದೆ, ನಿಜ. ಆದರೆ ಕೆಲಸ ನಿಲ್ಲುತ್ತದೆ ಎನ್ನುವವರು ಜೂನ್ ತಿಂಗಳ ಸೈಟನ್ನು ಕಂಡಿಲ್ಲ. ಚಾಂದ್ರಮಾನದ ತಿಂಗಳಾದ್ದರಿಂದ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಈಗ ಅದು ಚಳಿಗಾಲದ ಕಡೆ ಬಂದಿದೆ, ಉಪವಾಸದ ಹೊತ್ತೂ ಕಡಿಮೆ. 2015ರಲ್ಲಿ ಜೂನ್ 18ಕ್ಕೆ ಶುರುವಾಗಿತ್ತು. ದುಬೈಯ ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನಗಳು, ಹದಿನೈದು ಗಂಟೆಯ ಉಪವಾಸ. ನಾನಾಗ ಜೆಬಲ್ ಅಲಿ ಕಡೆಯ ಒಂದು ಸೈಟಿನಲ್ಲಿ ಟೈಂಕೀಪರ್.

ಕೆಲಸಗಾರರ ಕ್ಯಾಂಪಿನಿಂದ ಬಸ್ಸು ಹೊರಡುತ್ತಿದ್ದದ್ದು ನಸುಕಿನ ನಾಲ್ಕೂಕಾಲಿಗೆ. ಐದಕ್ಕೆ ಹಾಜರಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ದುಡಿಸಬಾರದೆಂಬ ನಿಯಮ ಅಲ್ಲಿದೆ. ಹಾಗಾಗಿ ಹನ್ನೆರಡೂವರೆಗೆ ಎಲ್ಲರೂ ನೆಲಮಹಡಿಯ ಸ್ಲ್ಯಾಬಿನ ಕೆಳಗೆ ಬರುತ್ತಿದ್ದರು. ಪ್ಲೈವುಡ್ ಹಲಗೆ, ರಟ್ಟಿನ ಪೆಟ್ಟಿಗೆ ಹಾಸಿಕೊಂಡು ಸಾಲಾಗಿ ಮಲಗುತ್ತಿದ್ದರು. ಹೆಲ್ಮೆಟ್ಟೇ ತಲೆದಿಂಬು. ಒದ್ದೆ ಟವಲನ್ನು ಮುಖಕ್ಕೆ ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಒಣಗಿ ಗರಿಗರಿಯಾಗುತ್ತಿತ್ತು. ಮೂರಕ್ಕೆ ಎದ್ದು ಮತ್ತೆ ಮೇಲೆ ಹತ್ತಬೇಕು. ಐದಕ್ಕೆ ಇಳಿಯುವುದು. ಕೆಲವು ದಿನ ಆಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿದ ಬಸ್ಸಿನೊಳಗೆ ಖರ್ಜೂರದ ಪೊಟ್ಟಣ ಹಿಡಿದು ಮಗ್ರಿಬ್ ಬಾಂಗಿಗೆ ಕಾಯುವುದು.

ಆ ಸೈಟಿನಲ್ಲಿ ಕರೀಂನಗರ ಕಡೆಯ ಒಬ್ಬ ಸ್ಟೀಲ್ ಫಿಕ್ಸರ್ ಇದ್ದ. ಸರಳಿಗೆ ಬೈಂಡಿಂಗ್ ವೈರ್ ಸುತ್ತುವ ಕೆಲಸ. ಹಿಂದೂ. ಅವನಿಗೆ ಉಪವಾಸವಿಲ್ಲ. ಆದರೆ ಜೊತೆಗೆ ದುಡಿಯುವ ಆರು ಮಂದಿಯೂ ರೋಜಾ ಹಿಡಿದಿರುವಾಗ ಅವರೆದುರು ಬಾಟಲಿ ಎತ್ತಲು ಅವನಿಗೆ ಮನಸ್ಸಾಗುತ್ತಿರಲಿಲ್ಲ. ನೀರು ಕುಡಿಯಲು ಮೂರು ಏಣಿ ಇಳಿದು ಟ್ಯಾಂಕಿನ ಹಿಂದೆ ಹೋಗುತ್ತಿದ್ದ. ಇಳಿದು ಹತ್ತುವ ಬೇಸರಕ್ಕೆ ಕ್ರಮೇಣ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ. ಒಂದು ದಿನ ಮೇಲೆ ಕೂತಲ್ಲೇ ತಲೆ ತಿರುಗಿ ಒರಗಿಬಿಟ್ಟ. ಅವರ ಫೋರ್‌ಮನ್ ಪೇಶಾವರದ ಪಠಾಣ್, ಐವತ್ತು ದಾಟಿದವನು, ರೋಜಾದಲ್ಲಿದ್ದವನು. ಮಾರನೆಯ ದಿನ ಒಂದು ನೀರಿನ ಕ್ಯಾನನ್ನು ತಾನೇ ಹೆಗಲ ಮೇಲೆ ಹೊತ್ತು ಮೇಲೆ ತಂದು, ಸರಳಿನ ರಾಶಿಯ ಪಕ್ಕ ಇಟ್ಟು ಬೈದ: “ಇಲ್ಲೇ ಕುಡಿ, ನನ್ನ ಕಣ್ಣೆದುರೇ ಕುಡಿ. ನೀನು ಕೆಳಗೆ ಬಿದ್ದು ಸತ್ತರೆ ರಿಪೋರ್ಟಿನಲ್ಲಿ ನನ್ನ ಹೆಸರು ಬರುತ್ತದೆ. ನಿನ್ನ ನೀರಿನಿಂದ ನನ್ನ ರೋಜಾ ಮುರಿಯುವುದಿಲ್ಲ.” ಅಲ್ಲಿಂದ ಮುಂದೆ ಆ ಕ್ಯಾನು ಅಲ್ಲೇ ಇತ್ತು.

ಈ ಘಟನೆಯನ್ನು ಧರ್ಮಸೌಹಾರ್ದದ ಕಥೆಯಾಗಿ ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಪಠಾಣನಿಗಿದ್ದದ್ದು ರಿಪೋರ್ಟಿನ ಹೆದರಿಕೆ, ಅವನೇ ಹೇಳಿದ ಹಾಗೆ. ಕರೀಂನಗರದವನು ಬಿದ್ದದ್ದು ಉಪವಾಸ ಹಿಡಿದವರಿಂದಲ್ಲ, ಆ ಬಿಸಿಲಲ್ಲಿ ದುಡಿಸಿದ ಕಂಪನಿಯಿಂದ. ಪ್ರತಿ ಮಹಡಿಗೂ ನೀರು ತಲುಪಿಸುವುದು ಕಂಪನಿಯ ಹೊಣೆ. ಆ ಹೊಣೆಯನ್ನು ಒಬ್ಬ ಉಪವಾಸಿಗ ಹೆಗಲ ಮೇಲೆ ಹೊತ್ತ, ಅಷ್ಟೇ. ಈ ಮನುಷ್ಯರ ನಡುವೆ ಧರ್ಮದ ಜಗಳ ಇರಲಿಲ್ಲ. ಇದ್ದದ್ದು ನೀರಿನ ಲೆಕ್ಕ, ಗಂಟೆಯ ಲೆಕ್ಕ.

ಆ ಗಂಟೆಯ ಲೆಕ್ಕ ಬರೆಯುತ್ತಿದ್ದವನು ನಾನೇ. ಅದನ್ನು ಹೇಳದೆ ಈ ಲೇಖನ ಬರೆಯುವ ಹಕ್ಕು ನನಗಿಲ್ಲ.

ಯುಎಇಯ ಕಾರ್ಮಿಕ ಕಾನೂನು 1980ರಿಂದಲೇ ಹೇಳುತ್ತ ಬಂದಿದೆ: ರಂಜಾನಿನಲ್ಲಿ ದಿನದ ದುಡಿಮೆ ಎರಡು ಗಂಟೆ ಕಡಿಮೆ. ಸೌದಿ, ಬಹರೇನ್, ಒಮಾನ್‌ಗಳಲ್ಲಿ ಕಡಿತ ಮುಸ್ಲಿಂ ಕೆಲಸಗಾರರಿಗೆಂದು ಇದೆ. ಯುಎಇಯಲ್ಲಿ ಹಾಗಿಲ್ಲ, ಉಪವಾಸ ಇದ್ದವರಿಗೂ ಇಲ್ಲದವರಿಗೂ ಒಂದೇ. ಎಂಟು ಗಂಟೆಯ ದಿನ ಆರಾಗುತ್ತದೆ, ಸಂಬಳ ಪೂರ್ತಿ. ಏಳನೆಯ ಗಂಟೆಯಿಂದ ಓಟಿ, ಶೇಕಡಾ 25 ಹೆಚ್ಚಿನ ದರದಲ್ಲಿ. ಆಫೀಸಿನ ನಮಗೆ ಈ ಎರಡು ಗಂಟೆ ಕರಾರುವಾಕ್ಕಾಗಿ ಸಿಕ್ಕಿತು. ಬೆಳಿಗ್ಗೆ ಎಂಟಕ್ಕೆ ಬಂದು ಮಧ್ಯಾಹ್ನ ಎರಡಕ್ಕೆ ಕಾರು ಹತ್ತುತ್ತಿದ್ದೆವು. ಚಾದ ದೂರು ಹೇಳಿದ ಎಂಜಿನಿಯರ್ ಎರಡೂಮುಕ್ಕಾಲಿಗೆಲ್ಲ ಮನೆ ಸೇರಿ ಹೆಂಡತಿ ಬಡಿಸಿದ ಅನ್ನ ಸಾರು ಉಂಡು ಮಲಗುತ್ತಿದ್ದರು. ಅದೇ ಎರಡು ಗಂಟೆ ಸ್ಲ್ಯಾಬಿನ ಕೆಳಗೆ ಮಲಗಿದವರಿಗೆ ಸಿಗಲಿಲ್ಲ. ನನ್ನ ಟೈಂಶೀಟಿನಲ್ಲಿ ಓಟಿ ಶುರುವಾದದ್ದು ಏಳನೆಯ ಗಂಟೆಯಿಂದಲ್ಲ, ಒಂಬತ್ತನೆಯ ಗಂಟೆಯಿಂದ. ಹಾಗೆ ಬರೆ ಎಂದು ಮೇಲಿನವರು ಹೇಳಿದರು, ನಾನು ಬರೆದೆ. ತಿಂಗಳಿಗೆ 26 ದುಡಿಮೆಯ ದಿನ, ದಿನಕ್ಕೆ ಎರಡು ಗಂಟೆ. ಒಬ್ಬೊಬ್ಬನಿಂದ 52 ಗಂಟೆ. 800 ದಿರ್ಹಮ್ ಮೂಲ ಸಂಬಳದವನಿಗೆ ಅದು ಇನ್ನೂರು ದಿರ್ಹಮಿಗೂ ಮೇಲಿನ ನಷ್ಟ.

ಕರೀಂನಗರದವನ ಬಳಿ ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣ ಡೈರಿ ಇತ್ತು. ಬಂದ ಹೊತ್ತು, ಇಳಿದ ಹೊತ್ತು ತೆಲುಗಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಬೆವರಿಗೆ ಶಾಯಿ ಹರಡಿ ಹಾಳೆಗಳು ನೀಲಿಯಾಗಿದ್ದವು. ಸಂಬಳದ ಚೀಟಿ ಬಂದ ದಿನ ಆ ಡೈರಿ ತೆರೆದು ನನ್ನ ಕಿಟಕಿಯ ಮುಂದೆ ನಿಂತ. “ಸಾರ್, ರಂಜಾನ್ ಮೇ ಛೇ ಘಂಟಾ ಬೋಲಾ ನಾ?” ನನಗೆ ತೆಲುಗು ಅಷ್ಟಿಷ್ಟು ಬರುತ್ತದೆ. ಅವನ ಭಾಷೆಯಲ್ಲೇ ಮಾತಾಡಬಹುದಿತ್ತು. ನಾನು ಹಿಂದಿಯಲ್ಲೇ, ಅದು ಕಂಪನಿ ರೂಲು, ನನಗೇನೂ ಗೊತ್ತಿಲ್ಲ ಅಂದೆ. ಗೊತ್ತಿತ್ತು. ಅವನು ಡೈರಿ ಮುಚ್ಚಿ ಕಿಸೆಗಿಟ್ಟುಕೊಂಡು ಹೋದ.

ರಂಜಾನ್ ಅಂದರೆ ಆ ಸೈಟಿನಲ್ಲಿ ಇದು. ಮುಸಲ್ಮಾನರು ಹಿಂದೂಗಳನ್ನು ಹಸಿವಿನಲ್ಲಿ ಕೆಡವಿದ್ದಲ್ಲ. ಮುಸಲ್ಮಾನ, ಹಿಂದೂ, ಬೌದ್ಧ ಎಂದು ನೋಡದೆ ಎಲ್ಲರಿಂದ ಎರಡೆರಡು ಗಂಟೆ ಕಿತ್ತುಕೊಂಡದ್ದು. ನಮ್ಮ ಕೂಟಗಳಲ್ಲಿ, ಸಂಘಗಳ ವೇದಿಕೆಗಳಲ್ಲಿ ಈ ಮಾತನ್ನು ಒಮ್ಮೆಯೂ ಕೇಳಿಲ್ಲ. ಸಭೆಯ ಮುಂದಿನ ಸಾಲಿನಲ್ಲಿ ಕೂರುವವರಲ್ಲಿ ಆ ಟೈಂಶೀಟಿಗೆ ಸಹಿ ಹಾಕುವವರೂ ಇರುತ್ತಾರೆ ಎಂಬುದು ಕಾರಣವೆಂದು ನಾನು ನಂಬುತ್ತೇನೆ.

ಸೈಟಿನ ಹೊರಗೂ ಇದೇ ಲೆಕ್ಕ. ಮಗ್ರಿಬ್‌ಗೆ ಮುಂಚಿನ ಒಂದು ಗಂಟೆ ರಸ್ತೆಯಲ್ಲಿ ಎಲ್ಲರಿಗೂ ಅವಸರ. ಅವಸರದಲ್ಲಿ ಯಾರೂ ಗಾಡಿ ಓಡಿಸದಿರಲಿ ಎಂದು ಸಿಗ್ನಲುಗಳಲ್ಲಿ ಸ್ವಯಂಸೇವಕರು ನಿಂತು ಖರ್ಜೂರ, ನೀರಿನ ಪೊಟ್ಟಣ ಹಂಚುತ್ತಾರೆ. ಅದೇ ಹೊತ್ತಿಗೆ ಡೆಲಿವರಿ ಬೈಕಿನ ಹುಡುಗರಿಗೆ ಆರ್ಡರುಗಳ ಮೇಲೆ ಆರ್ಡರು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಬಾಂಗಿನ ಹೊತ್ತಿಗೆ ಒಬ್ಬ ಸಿಕ್ಕಿದ್ದ. ಎಡಗೈಯಲ್ಲಿ ಯಾರದ್ದೋ ಬಿರಿಯಾನಿ ಚೀಲ, ಬಲಗೈಯಲ್ಲಿ ಅರ್ಧ ಕಚ್ಚಿದ ಖರ್ಜೂರ. ನೀರು ಬೈಕಿನಲ್ಲೇ ಬಿಟ್ಟಿದ್ದನಂತೆ. ಬಿರಿಯಾನಿ ತರಿಸಿದ್ದು ಉಪವಾಸವಿಲ್ಲದ ಮನೆಗೆ. ಆರೂವರೆಗೆ ತರಿಸಬೇಕಾದದ್ದನ್ನು ಏಳೂವರೆಗೆ ತರಿಸಿದ್ದರೆ ಆ ಮನೆಯವರಿಗೆ ಏನಾಗುತ್ತಿತ್ತು?

ಮನೆಗೆಲಸದ ಹೆಂಗಸರದ್ದು ಇನ್ನೂ ಕಷ್ಟ. ಶ್ರೀಲಂಕಾ, ಫಿಲಿಪ್ಪೀನ್ಸ್, ಇಥಿಯೋಪಿಯಾ, ನಮ್ಮ ಕಡಪ, ಗೋದಾವರಿ ಸೀಮೆಯವರು. ರಂಜಾನಿನಲ್ಲಿ ಅಡುಗೆ ರಾತ್ರಿಗೆ ಜಾರುತ್ತದೆ, ನೆಂಟರು ಬರುತ್ತಾರೆ, ಇಫ್ತಾರಿನ ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ ಸಹ್ರಿಯ ಹೊತ್ತು. ಹಗಲು ಮಕ್ಕಳು ಎದ್ದಿರುತ್ತಾರೆ. ಯುಎಇಯ 2022ರ ಮನೆಗೆಲಸದವರ ಕಾನೂನು ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಒಂದೇ ಸಮನೆ ಕೊಡಬೇಕು ಎನ್ನುತ್ತದೆ. ನಾಲ್ಕು ಗೋಡೆಯೊಳಗೆ ಆ ಗಂಟೆಗಳನ್ನು ಎಣಿಸುವವರು ಯಾರು? ಅರಬರ ಮನೆಯ ಮಾತು ಮಾತ್ರ ಇದಲ್ಲ. ನಮ್ಮವರ ಫ್ಲ್ಯಾಟುಗಳಲ್ಲೂ ಉಪವಾಸ ಹಿಡಿದ ಹೆಂಗಸು ಮಧ್ಯಾಹ್ನ ಮೀನು ಹುರಿದು ಬಡಿಸುತ್ತಾಳೆ, ಉಪ್ಪು ನೋಡದೆ.

ಎದುರುಗಡೆಯ ವಾದವನ್ನೂ ಬಿಡುವಂತಿಲ್ಲ. ಹಗಲು ಉಪವಾಸ, ರಾತ್ರಿ ಪಂಚತಾರಾ ಹೋಟೆಲಿನ ಡೇರೆಯಲ್ಲಿ ಭೂರಿಭೋಜನ, ಬೆಳಿಗ್ಗೆ ತಿಪ್ಪೆಗೆ ಅನ್ನದ ರಾಶಿ, ಇದೆಂಥ ವ್ರತ ಎನ್ನುತ್ತಾರೆ. ಪೋಲಾಗುವ ಅನ್ನವನ್ನು ನಾನೂ ಕಂಡಿದ್ದೇನೆ, ಕಂಡು ನೊಂದಿದ್ದೇನೆ. ಆದರೆ ಆ ಡೇರೆಗಳಲ್ಲಿ ಕಂಪನಿಯ ಕೂಪನ್ ಹಿಡಿದು ನಾವೂ ತಟ್ಟೆ ತುಂಬಿಸಿಕೊಂಡಿದ್ದೇವೆ. ವ್ರತದ ಅಳತೆಗೋಲು ಅದಾದರೆ ನಮ್ಮ ಮದುವೆ ಛತ್ರಗಳ ಹಿಂದಿನ ಬಾಳೆಲೆಗಳಿಂದ ನಮ್ಮ ಧರ್ಮವನ್ನೂ ಅಳೆಯಬೇಕಾಗುತ್ತದೆ. ಇನ್ನೊಂದು ಡೇರೆ ಇದೆ, ಮಸೀದಿಯ ಅಂಗಳದ್ದು. ಪ್ಲಾಸ್ಟಿಕ್ ಹಾಸಿನ ಉದ್ದಕ್ಕೂ ಖರ್ಜೂರ, ಕಿತ್ತಳೆ, ಲಬನ್ ಎಂಬ ಮಜ್ಜಿಗೆ, ಬಿರಿಯಾನಿಯ ಡಬ್ಬ. ಯಾರು ನೀನು, ಯಾವ ಜಾತಿ ಎಂದು ಅಲ್ಲಿ ಕೇಳುವುದಿಲ್ಲ. ಕರೀಂನಗರದವನು ಆ ತಿಂಗಳು ಬಹುಪಾಲು ಸಂಜೆ ಅಲ್ಲೇ ಉಂಡ. ಮೆಸ್ಸಿನ ದುಡ್ಡು ಉಳಿಯುತ್ತದೆ, ಅದನ್ನು ಮನೆಗೆ ಕಳಿಸುತ್ತೇನೆ ಎಂದು ಹೇಳುತ್ತಿದ್ದ. ಅಲ್ಲಿ ಉಣ್ಣಲು ಕೂತವರ ಸಾಲನ್ನು ತೋರಿಸಿ ‘ನೋಡಿ ಎಂಥ ಬಾಂಧವ್ಯ’ ಎಂದು ಬರೆಯುವವರೂ ಅರ್ಧ ಮಾತ್ರ ನೋಡಿದ್ದಾರೆ. ಆ ಅನ್ನ ಕೊಟ್ಟ ಕೈ ದೊಡ್ಡದು. ಆದರೆ ಇನ್ನೂರು ದಿರ್ಹಮ್ ಕಿಸೆಗೆ ಬಂದಿದ್ದರೆ ಅವನು ದಿನ ಸಂಜೆ ಕ್ಯಾಂಪಿನಿಂದ ಎರಡು ಕಿಲೋಮೀಟರ್ ನಡೆದು ಹೋಗಿ ಆ ಸಾಲಿನಲ್ಲಿ ಕೂರಬೇಕಾಗಿರಲಿಲ್ಲ.

ಆ ಕಂಪನಿ ಬಿಟ್ಟು ನಾನು ಬೇರೆ ಕಡೆ ಸೇರಿದೆ. ಈಗ ಟೈಂಶೀಟಿನ ನಮೂನೆ ಮಾಡುವುದೂ ನನ್ನ ಕೆಲಸ. 2023ರ ರಂಜಾನಿನಲ್ಲಿ ಒಂದು ಹೊಸ ಕಾಲಂ ಸೇರಿಸಿದೆ: ಆರು ಗಂಟೆಯ ನಂತರದ ದುಡಿಮೆ. ಅಕೌಂಟ್ಸ್‌ನವರು ಎರಡು ಸಲ ಹಿಂದಕ್ಕೆ ಕಳಿಸಿದರು. ಎರಡು ಸಲವೂ ಕಾನೂನಿನ ಪ್ರತಿ ಲಗತ್ತಿಸಿ ಮತ್ತೆ ಕಳಿಸಿದೆ. ಮೂರನೆಯ ಸಲ ಪಾಸಾಯಿತು. ಮೇ ತಿಂಗಳ ಸಂಬಳದ ಜೊತೆ ಸೈಟಿನವರಿಗೆ ಆ ಹಣ ಬಂತು. ಚಾ ಮಾಡುವವರು, ಕಸ ಗುಡಿಸುವವರಿಗೆ ಬರಲಿಲ್ಲ. ಅವರು ಮ್ಯಾನ್‌ಪವರ್ ಸಪ್ಲೈ ಕಂಪನಿಯ ಲೆಕ್ಕದವರು, ಅವರ ಶೀಟು ನನ್ನ ಮೇಜಿಗೆ ಬರುವುದಿಲ್ಲ. ಆ ಶೀಟು ಯಾರ ಮೇಜಿಗೆ ಹೋಗುತ್ತದೆಂದು ಈಗ ವಿಚಾರಿಸುತ್ತಿದ್ದೇನೆ.